ಒಂಬತ್ತು ತಲೆ, ರೈಟ್

ಹೇಳಿಕೆ ಕೊಡುತ್ತಿರುವವನು: ನಿವೃತ್ತ ಬಸ್ ಕಂಡಕ್ಟರ್, ವಯಸ್ಸು ಅರವತ್ತೇಳು ವರ್ಷ, ವಾಸ ಹಳೆ ಡಿಪೋ ಹಿಂದಿನ ಸಾಲುಮನೆಗಳಲ್ಲಿ ಕೊನೆಯದು. ಬೀದಿಯಲ್ಲಿ ಚಿಕ್ಕವರು ದೊಡ್ಡವರೆಲ್ಲ ನನ್ನನ್ನು ಕರೆಯುವುದು ರೈಟ್ ತಾತ ಎಂದು.

ನಾನು ಈ ದಿನ ಹೆದ್ದಾರಿ ಹೊರಠಾಣೆಗೆ ಖುದ್ದಾಗಿ ಬಂದು, ಯಾರೂ ಹೇಳಿಕೊಡದೆ ಬರೆಸುತ್ತಿರುವುದು ಏನೆಂದರೆ, ಈ ಹೇಳಿಕೆ ನನ್ನ ಆರು ವರ್ಷದ ಮೊಮ್ಮಗಳಿಗೆ ಸಂಬಂಧಿಸಿದ್ದು, ಮತ್ತು ತಾವು ಹೊರಗೆ ಬೆಂಚಿನ ಮೇಲೆ ಕೂರಿಸಿರುವ ಪಂಕ್ಚರ್ ಅಂಗಡಿಯವನಿಗೆ ಸಂಬಂಧಿಸಿದ್ದು. ಅವನ ಜೇಬಿನಲ್ಲಿದ್ದ ವಿಷಲ್ ನನ್ನದು. ಮೊದಲಿನಿಂದ ಸರದಿಯಾಗಿ ಹೇಳಿ, ನಡುವೆ ಬಯ್ಯಬೇಡಿ ಎಂದು ಬರೆದುಕೊಳ್ಳುವ ಪೇದೆಯವರು ಹೇಳಿದ್ದರಿಂದ ಹಾಗೆಯೇ ಹೇಳುತ್ತಿದ್ದೇನೆ.

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಮನೆಯಲ್ಲಿ ಊಟ ಮುಗಿದ ಮೇಲೆ ಪ್ರವಾಸದ ಮಾತು ಬಂತು. ನಾವು ಒಟ್ಟು ಹತ್ತು ಜನ. ನಾನು, ನನ್ನ ಹೆಂಡತಿ, ಮಗ, ಸೊಸೆ, ಅವರ ಒಬ್ಬ ಮಗ, ಒಬ್ಬಳು ಮಗಳು. ಇನ್ನು ನನ್ನ ಮಗಳು, ಅಳಿಯ, ಅವರ ಇಬ್ಬರು ಹೆಣ್ಣುಮಕ್ಕಳು. ಎಲ್ಲರಿಗಿಂತ ಚಿಕ್ಕವಳು ಸೊಸೆಯ ಮಗಳು, ಗುಬ್ಬಿ ಎಂದು ಕರೆಯುತ್ತೇವೆ. ಮೊದಲ ದಿನ ನೀರಿನಾಟದ ಪಾರ್ಕು, ಮಾರನೆಯ ದಿನ ದೊಡ್ಡ ದೊಡ್ಡ ರೈಡ್‌ಗಳಿರುವ ಪಾರ್ಕು ಎಂದು ತೀರ್ಮಾನವಾಯಿತು. ಒಂದೇ ವ್ಯಾನ್ ಮಾಡೋಣ, ಹತ್ತು ಜನವೂ ಕಣ್ಣೆದುರಿಗೇ ಇರುತ್ತಾರೆ ಎಂದು ನಾನು ಹೇಳಿದೆ. ಅಳಿಯ ಹಿಡಿದ ಪಟ್ಟು ಬಿಡಲಿಲ್ಲ. ಏಳು ಸೀಟಿನ ಎರಡು ಬಾಡಿಗೆ ಕಾರೇ ಸರಿ, ಕೈಕಾಲು ಚಾಚಿಕೊಂಡು ಹೋಗಬಹುದು ಎಂದ. "ಮಾವ, ಇದು ನಿಮ್ಮ ರೂಟ್ ಬಸ್ ಅಲ್ಲ, ಟ್ರಿಪ್ಪು" ಅಂತಲೂ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೊಳಗೇ ಮೈ ಉರಿಯುತ್ತಿತ್ತು.

ಅಂದೇ ಸಂಜೆ ಮಗ ಫೋನಿನಲ್ಲಿ ಪಾರ್ಕಿನ ನಿಯಮಗಳನ್ನು ಓದಿದ. ದೊಡ್ಡ ರೈಡ್ ಹತ್ತಲು ಮಕ್ಕಳು ಇಷ್ಟು ಎತ್ತರ ಇರಲೇಬೇಕಂತೆ. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಪೆನ್ಸಿಲ್ ಗೀಟು ಹಾಕಿ ಮಕ್ಕಳನ್ನು ನಿಲ್ಲಿಸಿ ನೋಡಿದರು. ಮೂವರು ಪಾಸಾದರು. ಗುಬ್ಬಿ ಕಾಲ್ಬೆರಳ ಮೇಲೆ ನಿಂತರೂ ನಾಲ್ಕು ಬೆರಳು ಕಡಿಮೆ ಬಂದಳು. ಅವಳು ಅಳಲಿಲ್ಲ, ರಂಪ ಮಾಡಲಿಲ್ಲ, ಹೋಗಿ ಮೇಜಿನ ಕೆಳಗೆ ಕೂತಳು. ರಂಪ ಮಾಡಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ಆ ಮುಖ ನೋಡಲಾಗದೆ ನನ್ನ ಹಳೆಯ ವಿಷಲ್ ಪೆಟ್ಟಿಗೆಯಿಂದ ತೆಗೆದು ಅವಳ ಕೊರಳಿಗೆ ಹಾಕಿ, ಈ ಟ್ರಿಪ್ಪಿಗೆ ನೀನೇ ಕಂಡಕ್ಟರ್ ಎಂದೆ.

ಆಮೇಲೆ ದಿನಾ ಸಂಜೆ ಊಟದ ಕುರ್ಚಿಗಳನ್ನು ಸಾಲಾಗಿ ಜೋಡಿಸಿ ಅವಳಿಗೆ ತರಬೇತಿ ಕೊಟ್ಟೆ. ಒಂದು ವಿಷಲ್ ನಿಲ್ಲುವುದಕ್ಕೆ, ಎರಡು ಹೊರಡುವುದಕ್ಕೆ. ಇಳಿಯುವವರು ಮೊದಲು, ಹತ್ತುವವರು ಆಮೇಲೆ, ಕಂಡಕ್ಟರ್ ಎಲ್ಲರಿಗಿಂತ ಕೊನೆಗೆ. ಕಂಡಕ್ಟರ್‌ಗೆ ಇಂಥದೇ ಎಂದು ಸೀಟಿಲ್ಲ, ಪ್ರತಿ ಸ್ಟಾಪಿನಲ್ಲಿ ತನಗೆ ಬೇಕಾದ ಕಾರು ಹತ್ತಬಹುದು. ಗುಬ್ಬಿ ತಮ್ಮ ಕಾರಿಗೇ ಬೇಕು ಎಂದು ಮಕ್ಕಳು ಕಿತ್ತಾಡುತ್ತಿದ್ದರು, ಅದಕ್ಕೂ ಇದೇ ಮದ್ದಾಯಿತು. ರೈಟ್ ಎನ್ನುವವರೆಗೆ ಡ್ರೈವರ್ ಗಾಡಿ ಅಲ್ಲಾಡಿಸಬಾರದು, ಎಂದ ಮೇಲೆ ತಡ ಮಾಡಬಾರದು ಎಂದು ಮಗನಿಗೂ ಅಳಿಯನಿಗೂ ಎಚ್ಚರಿಸಿದೆ. ಅವಳು ಎಣಿಸುವಾಗ ಒಮ್ಮೆ, "ತಾತ, ಹತ್ತು ಅಲ್ವಾ?" ಎಂದು ಕೇಳಿದಳು. ಕಂಡಕ್ಟರ್ ಎಣಿಸುವುದು ಪ್ರಯಾಣಿಕರನ್ನು, ತನ್ನನ್ನಲ್ಲ, ಆದ್ದರಿಂದ ಒಂಬತ್ತೇ ಸರಿ ಎಂದು ತಿದ್ದಿದೆ. ಈ ಮಾತನ್ನು ದಯವಿಟ್ಟು ಬಿಡದೆ ಬರೆದುಕೊಳ್ಳಬೇಕು.

ಕುರ್ಚಿ ಬಸ್ಸಿನಲ್ಲಿ ಕೂತು ಅವಳು ನನ್ನಿಂದ ಒಂದು ಕಥೆಯನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದಳು. ಕೆಲಸದಲ್ಲಿದ್ದಾಗ ಒಮ್ಮೆ ಟೀ ಕುಡಿಯಲು ಇಳಿದ ನನ್ನನ್ನು ಬಿಟ್ಟು ನನ್ನ ಬಸ್ಸೇ ಹೊರಟುಹೋಯಿತು. ನಾನು ಹಿಂದೆ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು, ಸ್ಟಾಫ್ ಎಂದು ಹೇಳಿ ಹತ್ತಿ, ನನ್ನ ಬಸ್ಸಿಗಿಂತ ಮೊದಲೇ ನಿಲ್ದಾಣ ಸೇರಿ ಸೊಂಟದ ಮೇಲೆ ಕೈಯಿಟ್ಟು ಕಾದೆ. ಕಥೆ ನಿಜ. ಸ್ವಲ್ಪ ಬಣ್ಣ ಹಚ್ಚಿದ್ದೂ ನಿಜ.

ಇಂದು ಬೆಳಿಗ್ಗೆ ಏಳು ಗಂಟೆಗೆ ಬಾಡಿಗೆ ಕಾರಿನ ಅಂಗಡಿಯಲ್ಲಿ ಎರಡು ಕಾರು ಪಡೆದೆವು. ಮಗ ಓಡಿಸಿದ ಕಾರಿನಲ್ಲಿ ಸೊಸೆ, ನನ್ನ ಹೆಂಡತಿ, ಮೊಮ್ಮಗ ಕೂತರು. ಅಳಿಯ ಓಡಿಸಿದ ಕಾರಿನಲ್ಲಿ ಮಗಳು, ಅವಳ ಮಕ್ಕಳು, ಮುಂದಿನ ಸೀಟಿನಲ್ಲಿ ನಾನು. ಗುಬ್ಬಿ ಎರಡೂ ಕಾರಿನ ಕಿಟಕಿಯಲ್ಲಿ ಇಣುಕಿ ತಲೆ ಎಣಿಸಿ, ರೈಟ್ ಎಂದು ಕೂಗುತ್ತಾ ತನ್ನ ಅಮ್ಮನ ಕಾರು ಹತ್ತಿದಳು. ಎಲ್ಲ ಅಚ್ಚುಕಟ್ಟಾಗಿ ನಡೆಯಿತು. ನನಗೆ ಜಂಬವೇ ಬಂತು.

ಒಂಬತ್ತೂವರೆಗೆ ಪೆಟ್ರೋಲ್ ಬಂಕ್ ಬಳಿ ನಿಲ್ಲಿಸಿದೆವು. ಬಂಕಿನ ಒಂದು ಮೂಲೆಯಲ್ಲಿ ಪಂಕ್ಚರ್ ಅಂಗಡಿ, ರಸ್ತೆಯಂಚಿಗೆ ಬಸ್ಸಿಗೆ ಕಾಯುವ ಶೆಡ್ಡು. ಟೀ, ಶೌಚಾಲಯ ಎಲ್ಲ ಮುಗಿದ ಮೇಲೆ ಕಾರುಗಳಲ್ಲಿ ಕೂತೆವು. ಗುಬ್ಬಿ ನನ್ನ ಕಿಟಕಿಯೊಳಗೆ ಕೈ ಹಾಕಿ ನನ್ನ ತಲೆ ಮುಟ್ಟಿ ಎಣಿಸಿ ಹಿಂದಕ್ಕೆ ಹೋದಳು. "ಒಂಬತ್ತು ತಲೆ, ರೈಟ್!" ಎಂದು ಕೂಗಿದ್ದು, ಎರಡು ಬಾರಿ ವಿಷಲ್ ಊದಿದ್ದು ನನ್ನ ಕಿವಿಯಾರೆ ಕೇಳಿದೆ. ಆಗ ಒಂಬತ್ತು ಐವತ್ತು. ಎರಡೂ ಕಾರು ಒಟ್ಟಿಗೇ ಹೊರಟವು. ಅವಳು ಅಮ್ಮನ ಕಾರಿನಲ್ಲಿದ್ದಾಳೆ ಎಂದು ನಮ್ಮ ಕಾರಿನವರು ತಿಳಿದೆವು, ತಾತನ ಕಾರಿನಲ್ಲಿದ್ದಾಳೆ ಎಂದು ಅವರು ತಿಳಿದರು. ನಾನು ತಿರುಗಿಯೂ ನೋಡಲಿಲ್ಲ. ಬಸ್ಸಿನ ಕಂಡಕ್ಟರ್ ರೈಟ್ ಎನ್ನುವುದು ಮೆಟ್ಟಿಲ ಮೇಲೆ ಕಾಲಿಟ್ಟ ಮೇಲೆ. ಅವಳು ನೆಲದ ಮೇಲೆ ನಿಂತೇ ಅಂದಿದ್ದಳು. ಅಷ್ಟೂ ಕಲಿಸಿದ ನಾನು ಅದೊಂದನ್ನು ಕಲಿಸಿರಲಿಲ್ಲ.

ಇಪ್ಪತ್ತು ಕಿಲೋಮೀಟರ್ ದಾಟಿ ಟೋಲ್ ಗೇಟಿನಲ್ಲಿ ಎರಡೂ ಕಾರು ಅಕ್ಕಪಕ್ಕದ ಸಾಲಿನಲ್ಲಿ ನಿಂತವು. ಸೊಸೆ ಕಿಟಕಿ ಇಳಿಸಿ ಒಂದು ಸ್ವೆಟರ್ ಚಾಚಿ, "ಮಾವ, ಗುಬ್ಬಿಗೆ ಇದನ್ನ ಹಾಕ್ಬಿಡಿ, ಎ.ಸಿ. ಗಾಳಿಗೆ ಕೆಮ್ಮು ಶುರುವಾಗತ್ತೆ" ಎಂದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. "ನಿಮ್ಮ ಕಾರಲ್ಲಿಲ್ವಾ ಅವಳು?" ಎಂದೆ. ಸೊಸೆಯ ಕೈ ಸ್ವೆಟರ್ ಸಮೇತ ಎರಡು ಕಾರುಗಳ ನಡುವೆ ಹಾಗೆಯೇ ನಿಂತಿತ್ತು. ಹಿಂದಿನ ಲಾರಿಯವನು ಹಾರ್ನ್ ಹೊಡೆದ.

ಕಾರು ತಿರುಗಿಸಲು ಜಾಗ ಸಿಕ್ಕಿ ಬಂಕಿಗೆ ವಾಪಸ್ ಬರುವಷ್ಟರಲ್ಲಿ ಹತ್ತೂ ಮುಕ್ಕಾಲು. ಗುಬ್ಬಿ ಅಲ್ಲಿರಲಿಲ್ಲ. ಶೌಚಾಲಯ, ಹಿಂಬದಿಯ ಖಾಲಿ ಡ್ರಮ್ಮುಗಳು, ನಿಂತಿದ್ದ ಲಾರಿಗಳ ಕೆಳಗೆ, ಎಲ್ಲ ಕಡೆ ಹುಡುಕಿದೆವು. ಸೊಸೆಗೆ ಕೂಗಿ ಕೂಗಿ ಗಂಟಲು ಕಟ್ಟಿತು. ಗಲಾಟೆ ಕೇಳಿ ಪಂಕ್ಚರ್ ಅಂಗಡಿಯವನು ಕೈ ಒರೆಸಿಕೊಳ್ಳುತ್ತಾ ಬಂದು, ತಾನಾಗಿಯೇ ಜೇಬಿನಿಂದ ವಿಷಲ್ ತೆಗೆದು, ಇದು ನಿಮ್ಮದೇ ಎಂದು ಕೇಳಿದ. ಅವನು ಮುಂದಿನ ಮಾತು ಆಡಲು ಮಗ ಬಿಡಲಿಲ್ಲ. ಕೊರಳಪಟ್ಟಿ ಹಿಡಿದು, ಮಗು ಎಲ್ಲಿ ಎಂದು ಕೇಳುತ್ತಾ ಕೆನ್ನೆಗೆ ಎರಡು ಬಾರಿಸಿದ. ತುಟಿ ಒಡೆಯಿತು. ಅಳಿಯ ಅವನ ಕೈಗಳನ್ನು ಹಿಂದಕ್ಕೆ ಹಿಡಿದುಕೊಂಡ. ಅವನು ಬಸ್ಸು, ಬಸ್ಸು ಎನ್ನುತ್ತಲೇ ಇದ್ದ, ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಡಿಸಬೇಕಾದ ನಾನು ಅವನ ಕೈಯಿಂದ ವಿಷಲ್ ಕಿತ್ತುಕೊಂಡು ನಿಂತಿದ್ದೆ.

ಬಂಕಿನ ಮ್ಯಾನೇಜರ್ ಫೋನ್ ಮಾಡಿದ್ದರಿಂದ ತಮ್ಮ ಠಾಣೆಯ ಇಬ್ಬರು ಬಂದರು. ಅವನ ಮೇಲೆ ಅನುಮಾನವಿದೆ ಎಂದು ಮಗ ದೂರು ಬರೆದುಕೊಟ್ಟ. ಇದರಲ್ಲೇ ಅರ್ಧ ಗಂಟೆ ಹೋಯಿತು. ಅವನನ್ನು ಜೀಪಿಗೆ ಹತ್ತಿಸುವ ಮುಂಚೆ ನಾನು ಹತ್ತಿರ ಹೋಗಿ, ಏನು ನೋಡಿದೆ ಹೇಳಪ್ಪಾ ಎಂದು ಕೇಳಿದೆ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಸುತ್ತೇನೆ.

"ಯಜಮಾನ್ರೇ, ನಾನು ತಲೆ ಎತ್ತಿ ನೋಡಿದಾಗ ಮಗು ಶೆಡ್ ಹತ್ರ ಇತ್ತು. ಯಾರ ಜೊತೆ ಬಂದಿದ್ದು ಅಂತ ಗೊತ್ತಿಲ್ಲ. ಜೋಕರ್ ಬೊಂಬೆ ಬಸ್ಸಿಗೆ ಕೈ ಅಡ್ಡ ಹಿಡೀತು. ಇಳಿಯೋರು ಇಳಿಯೋವರ್ಗೂ ಪಕ್ಕಕ್ಕೆ ನಿಂತಿತ್ತು. ಹತ್ತೋರೆಲ್ಲ ಹತ್ತಿದ್ಮೇಲೆ ಕೊನೇಗೆ ಹತ್ತಿ ಏನೋ ಅಂತು, ಕಂಡಕ್ಟರ್ ನಕ್ಕ. ಆಮೇಲೆ ಬಾಗಿಲಲ್ಲಿ ನಿಂತ್ಕೊಂಡು ರೈಟ್ ಅಂತು ನೋಡಿ, ಬಸ್ ಹೊರಟೇಬಿಡ್ತು. ಹತ್ತುವಾಗ ಈ ದಾರ ಬಾಗಿಲ ಹಿಡಿಗೆ ಸಿಕ್ಕಿ ಕಿತ್ತು ಬಿತ್ತು. ಕೂಗಿದೆ, ಕೇಳಿಸ್ಲಿಲ್ಲ. ಬಸ್ಸಿನವರ ಮಗು ಇರ್ಬೇಕು, ವಾಪಸ್ ಬಂದಾಗ ಕೊಡೋಣ ಅಂತ ಜೇಬಲ್ಲಿ ಇಟ್ಕೊಂಡೆ."

ಜೋಕರ್ ಬೊಂಬೆ ಎಂದರೆ ನಾವು ಹೋಗಬೇಕಿದ್ದ ನೀರಿನಾಟದ ಪಾರ್ಕಿನ ಜಾಹೀರಾತು, ಅಲ್ಲಿಗೆ ಹೋಗುವ ಬಸ್ಸಿನ ಮೈಮೇಲೆ ಬರೆದಿರುತ್ತದೆ. ಆ ಚಿತ್ರವನ್ನು ಗುಬ್ಬಿ ಫೋನಿನಲ್ಲಿ ಒಂದು ತಿಂಗಳಿಂದ ನೋಡುತ್ತಿದ್ದಳು. ಅಪ್ಪ, ಆರು ವರ್ಷದ ಮಗು ಒಬ್ಬಳೇ ಬಸ್ ಹತ್ತುತ್ತಾಳಾ, ಅವನು ಕಟ್ಟುಕಥೆ ಹೇಳುತ್ತಿದ್ದಾನೆ ಎಂದು ಮಗ ಕೂಗಾಡಿದ. ಕಟ್ಟುಕಥೆ ಹೇಳುವವನಿಗೆ ಇಳಿಯುವವರು ಮೊದಲು, ಕಂಡಕ್ಟರ್ ಕೊನೆಗೆ ಎಂದು ಹೇಗೆ ಗೊತ್ತಾಗಬೇಕು? "ಹತ್ತುತ್ತಾಳೆ ಕಣೋ, ನಾನೇ ಹೇಳ್ಕೊಟ್ಟಿದ್ದು" ಎಂದೆ. ಮಗ ನನ್ನನ್ನು ನೋಡಿದ ನೋಟವನ್ನು ಬರೆಸಲು ನನಗೆ ಮನಸ್ಸಿಲ್ಲ.

ಪಾರ್ಕಿನ ಬಸ್ ನಿಲ್ದಾಣಕ್ಕೆ ಪೇದೆಯವರು ಮಾಡಿದ ಫೋನ್ ಯಾರೂ ಎತ್ತಲಿಲ್ಲ. ಅಳಿಯ, ನಾನು, ಒಬ್ಬ ಪೇದೆಯವರು ಕಾರಿನಲ್ಲಿ ಹೊರಟೆವು. ಸಾಕ್ಷ್ಯ ಎಂದು ಅವರು ವಿಷಲ್ ಕೇಳಿದರು, ನಾನು ಕೊಡಲಿಲ್ಲ. ಅದು ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ದಾರಿಯುದ್ದಕ್ಕೂ ಸಿಗುವ ಸ್ಟಾಪುಗಳಲ್ಲಿ ಅವಳು ಎಲ್ಲಿ ಬೇಕಾದರೂ ಇಳಿದಿರಬಹುದಿತ್ತು, ಯಾರು ಬೇಕಾದರೂ ಕೈ ಹಿಡಿದು ಇಳಿಸಿಕೊಂಡಿರಬಹುದಿತ್ತು. ಪ್ರತಿ ಶೆಡ್ಡಿನ ಹತ್ತಿರವೂ ನಿಧಾನ ಮಾಡಿ ನೋಡಿದೆವು. ಸೇತುವೆ ಬಳಿ ಕೆಂಪು ಅಂಗಿಯ ಹುಡುಗಿ ಬೆನ್ನು ಹಾಕಿ ನಿಂತಿದ್ದಳು. ನಾನು ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದೆ. ಬೇರೆ ಯಾರದೋ ಮಗು, ಹೆದರಿ ಅಜ್ಜಿಯ ಹಿಂದೆ ಅಡಗಿತು.

ಅಳಿಯ ಸೀದಾ ಪಾರ್ಕಿಗೇ ಹೋಗೋಣ ಎಂದ. ಎದುರಿಗೆ ಬರುವ ಬಸ್ಸುಗಳ ಮೇಲೆ ಕಣ್ಣಿಡು ಎಂದು ನಾನು ಹೇಳಿದೆ. ದಿಕ್ಕಿಲ್ಲದ ಮಗು ಬಸ್ಸಿನಲ್ಲಿ ಉಳಿದರೆ ಸರಿಯಾದ ಕಂಡಕ್ಟರ್ ಎಲ್ಲೆಲ್ಲೋ ಬಿಡುವುದಿಲ್ಲ, ಹತ್ತಿದ ಜಾಗಕ್ಕೇ ವಾಪಸ್ ತರುತ್ತಾನೆ. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ಅವನು ಸರಿಯಾದವನೇ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಹನ್ನೆರಡೂ ಕಾಲಿಗೆ ತಿರುವಿನಲ್ಲಿ ಜೋಕರ್ ಬೊಂಬೆ ಕಂಡಿತು. ನಾನು ಇಳಿದು ರಸ್ತೆಯ ನಡುವೆ ನಿಂತು ಉಸಿರು ಬಿಗಿಹಿಡಿದು ಒಂದು ವಿಷಲ್ ಊದಿದೆ. ಬಸ್ಸು ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು. ಡ್ರೈವರ್ ನನ್ನ ವಂಶವನ್ನೆಲ್ಲ ಬಯ್ದ, ಅದರಲ್ಲಿ ತಪ್ಪೇನೂ ಇಲ್ಲ. ಬಾಗಿಲು ತೆರೆಯಿತು. ಗುಬ್ಬಿ ಕಂಡಕ್ಟರ್ ಸೀಟಿನಲ್ಲಿ ಎರಡೂ ಕೈಯಲ್ಲಿ ಕಂಬಿ ಹಿಡಿದು ಕೂತಿದ್ದಳು. ಆ ಬಸ್ಸಿನ ಕಂಡಕ್ಟರ್, ಮುಂದಿನ ಬಾಗಿಲಿನಿಂದ ಹತ್ತಿದ ಗಂಡ ಹೆಂಡತಿಯ ಮಗು ಎಂದುಕೊಂಡಿದ್ದೆ, ಸ್ಟಾಫ್ ಅಂದದ್ದಕ್ಕೆ ನಕ್ಕು ಸುಮ್ಮನಾದೆ, ಕೊನೆಯ ನಿಲ್ದಾಣದಲ್ಲಿ ತಮ್ಮ ಕಾರು ಬರುವವರೆಗೆ ಇಳಿಯುವುದಿಲ್ಲ ಎಂದು ಹಟ ಹಿಡಿದಳು, ಅದಕ್ಕೇ ಹತ್ತಿದಲ್ಲಿಗೆ ಕರೆದುಕೊಂಡು ಹೊರಟೆ ಎಂದು ತಿಳಿಸಿದ.

ಅಲ್ಲಿಯವರೆಗೆ ಅಳದಿದ್ದವಳು ನನ್ನನ್ನು ನೋಡಿ ಅತ್ತಳು. ಎತ್ತಿಕೊಂಡೆ. ಕಿವಿಯ ಹತ್ತಿರ, "ನಾನು ಸರಿಯಾಗೇ ಎಣಿಸ್ದೆ ತಾತ, ಒಂಬತ್ತೇ ಇತ್ತು. ನನ್ನ ಯಾರು ಎಣಿಸ್ಬೇಕಿತ್ತು?" ಎಂದು ಕೇಳಿದಳು. ಬಸ್ಸಿನ ಮೆಟ್ಟಿಲ ಮೇಲೇ ಕೂತುಬಿಟ್ಟೆ.

ಪಂಕ್ಚರ್ ಅಂಗಡಿಯವನು ಹೇಳಿದ್ದು ಅಕ್ಷರಶಃ ನಿಜ. ಅವನ ಮಾತನ್ನು ಬಂದ ಕೂಡಲೇ ಕೇಳಿದ್ದರೆ ಮಗುವಿಗೂ ಅದರ ತಾಯಿಗೂ ಅರ್ಧ ಗಂಟೆಯ ನರಕ ತಪ್ಪುತ್ತಿತ್ತು. ಮಗ ಬರೆದುಕೊಟ್ಟ ದೂರನ್ನು ವಾಪಸ್ ಪಡೆಯಲು ಒಪ್ಪಿದ್ದಾನೆ. ಅಂಗಡಿಯವನ ಮುಖ ನೋಡಲು ಧೈರ್ಯವಿಲ್ಲದೆ ಹೊರಗೆ ಕಾರಿನ ಹಿಂದೆ ನಿಂತಿದ್ದಾನೆ, ತಾವೇ ಒಳಗೆ ಕರೆಸಬೇಕು. ತುಟಿ ಒಡೆದದ್ದಕ್ಕೆ ಪಂಕ್ಚರ್ ಅಂಗಡಿಯವನು ನಮ್ಮ ಮೇಲೆ ದೂರು ಕೊಡುವುದಾದರೆ ಅದರಲ್ಲಿ ನನ್ನ ಹೆಸರನ್ನೇ ಮೊದಲು ಬರೆಯಬೇಕು. ಮಗುವಿಗೆ ಕಲಿಸಿದವನು ನಾನು, ಅವನನ್ನು ಹೊಡೆಯುವಾಗ ಸುಮ್ಮನೆ ನಿಂತವನೂ ನಾನು.

ಬರೆದುಕೊಂಡದ್ದನ್ನು ಪೇದೆಯವರು ಓದಿ ಹೇಳಿದರು. ನಾನು ಕಂಡದ್ದು, ಮಾಡಿದ್ದು ಇಷ್ಟೇ, ಬಣ್ಣ ಹಚ್ಚಿಲ್ಲ. ಓದುತ್ತಿದ್ದಾಗ ಗುಬ್ಬಿ ನನ್ನ ತೊಡೆಯ ಮೇಲಿದ್ದಳು. ಎಲ್ಲರೂ ಕಾರು ಹತ್ತಲು ಕಾಯುತ್ತಿದ್ದಾರೆ. ವಿಷಲ್ ಅವಳಿಗೇ ವಾಪಸ್ ಕೊಟ್ಟಿದ್ದೇನೆ. ತಲೆ ಎಣಿಸುವವನು ಮಾತ್ರ ಇನ್ನು ನಾನು. ಒಂದು ಎಂದು ಅವಳ ತಲೆ ಮುಟ್ಟಿ ಶುರು ಮಾಡುತ್ತೇನೆ.

ಸ್ಥಳ: ಹೆದ್ದಾರಿ ಹೊರಠಾಣೆ
ದಿನ: ಮೇಲೆ ಹೇಳಿದ ದಿನವೇ, ಮಧ್ಯಾಹ್ನ ಎರಡೂವರೆ
ಸಹಿ: ನಿವೃತ್ತ ಕಂಡಕ್ಟರ್ (ಗುಬ್ಬಿಯ ತಾತ)