ಮುಟ್ಟದೆ ಕಾಪಾಡಿದ ಕೀಲು

ಅಧ್ಯಕ್ಷತೆ ವಹಿಸಿರುವ ಡಾಕ್ಟರ್ ತೋಂಟದಾರ್ಯರವರೇ, ವೇದಿಕೆಯ ಮೇಲಿನ ಗಣ್ಯರೇ, ಕೋಲು ಬಿಟ್ಟು ನಡೆದು ಬಂದಿರುವ ಸಭಿಕರೇ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುವ ನಮ್ಮ ಯಜಮಾನರೇ,

ಸೊಂಟದ ಕೀಲು ಬದಲಾಯಿಸಿ ಹನ್ನೆರಡು ವರ್ಷವಾದರೂ ಹೊಸದರಂತಿದೆ ಎಂದು ಈ ಗುರುಸಿದ್ದಮ್ಮನಿಗೆ ಶಾಲು ಹೊದಿಸಿದಿರಿ. ಹೊಸದರಂತಿರದೆ ಇನ್ನೇನಾದೀತು? ನಡೆದದ್ದು ಬಿಟ್ಟರೆ ಅದಕ್ಕೆ ನಾನು ಕೆಲಸವನ್ನೇ ಕೊಡಲಿಲ್ಲವಲ್ಲ!

ನಮ್ಮೂರು ಕಿಬ್ಬನಹಳ್ಳಿಯಲ್ಲಿ ಎಳೆಗೂಸಿಗೆ ನೀರೆರೆಯಲು ನನ್ನನ್ನೇ ಕರೆಯುತ್ತಿದ್ದರು. ಮಣೆಯ ಮೇಲೆ ಕೂತು, ಕಾಲು ನೀಡಿ, ಕಾಲ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ತಿಕ್ಕಿದರೆ ಎಂಥ ಹಟಮಾರಿಯೂ ಬಚ್ಚಲಲ್ಲೇ ತೂಕಡಿಸುತ್ತಿತ್ತು. ಇಲ್ಲೇ ಕುಳಿತಿರುವ ಮಹಾಂತೇಶ ಈಗ ಮೀಸೆ ತಿರುವುತ್ತಾನೆ; ಅವತ್ತು ನನ್ನ ಸೀರೆಯನ್ನೆಲ್ಲ ಒದ್ದೆ ಮಾಡಿದ್ದ.

ಆಪರೇಷನ್ ಆದಾಗ ಇದೇ ಡಾಕ್ಟರು, "ಕೆಳಗೆ ಕೂರಬೇಡಿ, ವರ್ಷಕ್ಕೊಮ್ಮೆ ಬಂದು ತೋರಿಸಿ" ಎಂದರು. ನಮ್ಮ ಯಜಮಾನರು ಕೊಬ್ಬರಿ ವ್ಯಾಪಾರಸ್ಥರು. ಅವರೇನಂದರು? "ಅಟ್ಟದ ಮ್ಯಾಲಿನ ಕಾಯಿ ವರ್ಷಾನುಗಟ್ಲೆ ಮುಟ್ದೆ ಬುಟ್ರೆ ತಾನೇ ಒಳ್ಳೆ ಕೊಬ್ರಿ ಆಗೋದು? ಕೀಲೂ ಹಂಗೇ ಕಣೇ. ನೋವಿಲ್ವಲ್ಲ, ಸುಮ್ನೆ ಯಾಕೆ ಕೆದಕಿಸ್ಕೊತೀಯ?" ಪ್ರೀತಿಯಿಂದಲೇ ಅಂದರು. ನಾನೂ ತಲೆಯಾಡಿಸಿದೆ. ತೋರಿಸಲು ಬರಲೂ ಇಲ್ಲ, ಕೆಳಗೆ ಕೂರಲೂ ಇಲ್ಲ.

ಮರುವರ್ಷ ಮಗಳು ಭಾನುಪ್ರಿಯಾ ಬಾಣಂತನಕ್ಕೆ ಬಂದಳು. ಊರ ಮಕ್ಕಳಿಗೆಲ್ಲ ಎರೆದವಳ ಮೊಮ್ಮಗಳಿಗೆ ಪಕ್ಕದ ಮನೆಯ ಕಲ್ಲಮ್ಮ ಎರೆದಳು. ನಾನು ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, "ಕತ್ತು ಹಿಡ್ಕಳೇ, ಕಿವಿಗೆ ನೀರು ಹೋದಾತು" ಎಂದು ಕೂಗುತ್ತಿದ್ದೆ. "ನೀನ್ ಸುಮ್ಕಿರಕ್ಕ, ನಿನ್ ಸೊಂಟ ನೋಡ್ಕೊ" ಎಂದಳು. ಹೊಟ್ಟೆ ಉರಿದುಹೋಯಿತು ಸ್ವಾಮಿ.

ಹೋದ ವಾರ ಆಸ್ಪತ್ರೆಯವರು ಹಳಬರನ್ನೆಲ್ಲ ಕರೆಸಿ ಎಕ್ಸರೇ ತೆಗೆಸಿದರು. ಡಾಕ್ಟರು ನೋಡಿ ನಕ್ಕರು. "ಅಮ್ಮಾ, ನಾನು ಹೇಳಿದ್ದು ಮೊದಲ ಮೂರು ತಿಂಗಳಿಗೆ. ಆಮೇಲೆ ಬಂದಿದ್ದರೆ ಪರೀಕ್ಷೆ ಮಾಡಿ, ಮಣೆ ಮೇಲೆ ಕೂರಿ ಅಂತಿದ್ದೆ." ನನಗೆ ನಗು ಬರಲಿಲ್ಲ. ಅಳುವುದಕ್ಕೂ ನಾಚಿಕೆಯಾಯಿತು.

ಆದ್ದರಿಂದ ಸಭಿಕರೇ, ನೋವಿಲ್ಲದಿದ್ದರೂ ಬಂದು ತೋರಿಸಿ. ಏನೇನು ಮಾಡಬಾರದು ಎಂದು ಕೇಳಿದ ಹಾಗೆಯೇ ಏನೇನು ಮಾಡಬಹುದು ಎಂದೂ ಬಾಯಿಬಿಟ್ಟು ಕೇಳಿ.

ಭಾನುಪ್ರಿಯಾ ಈಗ ಮತ್ತೆ ಹೆತ್ತಿದ್ದಾಳೆ; ಮನೆಯಲ್ಲಿ ತಿಂಗಳ ಕೂಸಿದೆ. ಕೆಳಗೆ ಕೂರಲು ಅಪ್ಪಣೆಯೂ ಸಿಕ್ಕಿದೆ. ಕೀಲು ಇನ್ನೂ ಹತ್ತು ವರ್ಷ ಬಾಳುತ್ತದಂತೆ, ಸಂತೋಷ. ಆದರೆ ಮೈಕು ಹಿಡಿದ ಈ ಕೈ ನೋಡಿ, ವಯಸ್ಸಾಗಿ ಹೇಗೆ ನಡುಗುತ್ತಿದೆ! ಎಣ್ಣೆ ಹಚ್ಚಿದ ಕೂಸನ್ನು ಇಂಥ ಕೈಗೆ ಯಾರು ಕೊಡುತ್ತಾರೆ? ನಾನೇ ಕೊಡುವುದಿಲ್ಲ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ಉಪಕಾರವಾಯಿತು. ಎರಡೂ ಕೈ ಜೋಡಿಸಿದರೆ ನಡುಕ ಕೊಂಚ ನಿಲ್ಲುತ್ತದೆ. ಎಲ್ಲರಿಗೂ ನಮಸ್ಕಾರ.