ಅರ್ಧ ಮುಚ್ಚಿದ ಗಾಳಿಕಿಂಡಿ

ಓಲೊಮೌತ್ಸ್ ಆಸ್ಪತ್ರೆಯಲ್ಲಿ ಮಣಿಕಟ್ಟಿನ ಎಕ್ಸ್‌ರೇಗಾಗಿ ಕಾಯುತ್ತಿದ್ದ ಬೊಝೆನಾಳ ಎದುರಿಗೆ ಒಬ್ಬ ಹೆಂಗಸು ಗಂಡಸಿನ ಕೋಟೊಂದನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಕುಳಿತಿದ್ದಳು. ಉಗುರುಸಂದಿಯಲ್ಲಿ ಎಣ್ಣೆಮಸಿ ಮೆತ್ತಿದ್ದವನೊಬ್ಬ ಬಂದು ಅವಳ ಪಕ್ಕ ಕುಳಿತ.

“ಆರು ವರ್ಷ ಮನೆ ಕಡೆ ತಲೆ ಹಾಕ್ಲಿಲ್ಲ. ಇವತ್ತು ಬಂದ್ಯಲ್ಲ, ಲುಬೋರ್.”

“ನಾನೂ ಅಣ್ಣನೂ ಕಟ್ಟಿದ್ದ ವಿಮಾನಾನ ನಿನ್ನೆ ಹಾರಿಸ್ದೆ ಅತ್ತಿಗೆ. ಅವನು ಹೇಳಿದ್ದ ಹಾಗೇ ಮೂತಿಯ ಗಾಳಿಕಿಂಡಿ ಅರ್ಧ ಮುಚ್ಚಿ, ಒಳಗಿನ ಸಂದಿಗೆಲ್ಲ ರಬ್ಬರ್ ಪಟ್ಟಿ ಹಾಕಿದ್ದೆ.”

“ಎಂಜಿನ್ ಕಾಯ್ತಾ?”

“ಇಲ್ಲ. ಮೊದಲಿಗಿಂತ ತಣ್ಣಗಿತ್ತು. ಗಾಳಿಯ ತಡೆ ಕಮ್ಮಿಯಾಗಿ ವೇಗಾನೂ ಬಂತು.”

“ಹಾಗಾದ್ರೆ ಅವರು ಹೇಳಿದ್ದೇ ಸರಿ.”

“ಸರಿ. ಗಾಳಿ ಬೇಕಾದಷ್ಟು ಬರ್ತಿದೆ, ಎಂಜಿನ್ನಿಗೆ ತಾಗದೆ ಸೋರಿಹೋಗ್ತಿದೆ ಅಂತ ಆವತ್ತೇ ಬಡ್ಕೊಂಡ. ನಿಂಗೆ ತಲೆ ಕೆಟ್ಟಿದೆ ಅಂದೆ, ಎಲ್ಲರ ಮುಂದೆ.”

“ಅದನ್ನ ಅವರು ಮರೀಲೇ ಇಲ್ಲ.”

“ಅದಕ್ಕೇ ಬಂದೆ. ಎಚ್ಚರ ಆದ ತಕ್ಷಣ ಹೇಳ್ತೀನಿ.”

ಅವಳು ಕೋಟಿನ ಗುಂಡಿಯನ್ನು ತಿರುವುತ್ತ ಕುಳಿತಳು. “ಎಚ್ಚರ ಆಗಲ್ಲಪ್ಪ. ಇನ್ನೇನು ಉಸಿರಿನ ಯಂತ್ರ ತೆಗೀತಾರೆ.”

ಬೊಝೆನಾ ಕಣ್ಣು ತಗ್ಗಿಸಿದಳು.

“ಕೇಳಿಸುತ್ತಾ ಅವನಿಗೆ?”

“ಕೇಳಿಸಬಹುದು ಅಂದ್ರು ಡಾಕ್ಟರು.”

ನರ್ಸ್ ಬಾಗಿಲಲ್ಲಿ ನಿಂತು ಅವರಿಬ್ಬರನ್ನು ಕರೆದಳು. ಇಬ್ಬರೂ ಎದ್ದರು.

“ತಪ್ಪಾಯ್ತು ಅಂತ ಹೇಗೆ ಶುರು ಮಾಡ್ಲಿ, ಅತ್ತಿಗೆ?”

“ವೇಗ ಎಷ್ಟು ಜಾಸ್ತಿ ಬಂತು?”

“ಗಂಟೆಗೆ ಹದಿನೆಂಟು ಕಿಲೋಮೀಟರ್.”

“ಮೊದಲು ಅದನ್ನ ಹೇಳು. ತಪ್ಪಾಯ್ತು ಅನ್ನೋದು ಅವರಿಗೇ ಗೊತ್ತಾಗುತ್ತೆ.”

ಅವಳು ಮೈದುನನ ತೋಳು ಹಿಡಿದು ಒಳಗೆ ಕರೆದೊಯ್ದಳು.