ಆಫೀಸಲ್ಲಿ ಕೂತು ಬರೆದ ಮಹಜರು

ಅದಕ್ಕೇ ಹೇಳ್ದೆ, ಆ ನೇಮಕದ ಆರ್ಡರ್ ಕಾಪಿ ತಂದು ನನ್ನ ಕಾಲ ಹತ್ರ ಇಡ್ಬೇಡ ಅಂತ. ಮುಖ ಊದಿಸ್ಕೋಬೇಡ ಚೈತ್ರಾ, ಬಾ, ಕೂತ್ಕೋ ಇಲ್ಲಿ ಜಗಲಿ ಮೇಲೆ. ಸರ್ಕಾರಿ ವಕೀಲೆ ಆದೆ, ಸಂತೋಷ. ಆದ್ರೆ 'ನಮ್ಮ ತಾತ ಕೇಂದ್ರ ಸರ್ಕಾರದ ಪ್ರಾಸಿಕ್ಯೂಟರ್ ಆಗಿದ್ರು, ಆಮೇಲೆ ಜಡ್ಜ್ ಆದ್ರು, ಒಂದು ಕಪ್ಪುಚುಕ್ಕೆ ಇಲ್ಲ' ಅಂತ ಆವತಿಯಿಂದ ದೇವನಹಳ್ಳಿ ತನಕ ಹೇಳ್ಕೊಂಡು ಬಂದಿದ್ದೀಯಂತೆ. ಹೇಳೋಕೆ ಮುಂಚೆ ನನ್ನ ಒಂದ್ಮಾತು ಕೇಳ್ಬೇಕಿತ್ತು ಕಣಮ್ಮ.

ನಾನು ಆ ಕೆಲಸಕ್ಕೆ ಸೇರ್ದಾಗ ನಂಗೆ ವಯಸ್ಸು ಮೂವತ್ತೊಂದು, ಅಲ್ಲ, ಮೂವತ್ಮೂರು, ನಿಮ್ಮಪ್ಪ ಆಗ ಅಂಬೆಗಾಲಿಡ್ತಿದ್ದ. ಕೇಂದ್ರದ ಕಚೇರಿಗಳಲ್ಲಿ ಕಳ್ಳತನ, ಲಂಚ ಏನಾದ್ರೂ ಆದ್ರೆ ತನಿಖೆ ಮಾಡೋರು ಬೇರೆ, ಕೋರ್ಟಲ್ಲಿ ನಿಂತು ಶಿಕ್ಷೆ ಕೊಡ್ಸೋನು ನಾನು. ಮಹಜರು ಅಂದ್ರೆ ನಿಂಗೆ ಪುಸ್ತಕದಲ್ಲಿ ಓದಿಸಿರ್ತಾರೆ, ಕದ್ದ ಮಾಲು ಎಲ್ಲಿ ಸಿಕ್ತೋ ಅಲ್ಲೇ ನಿಂತು, ಇಬ್ಬರು ಪಂಚರ, ಅಂದ್ರೆ ಹೊರಗಿನ ಸಾಕ್ಷಿಗಳ ಕಣ್ಮುಂದೆ ಬರೀಬೇಕು ಅಂತ. ನಡೀತಿದ್ದದ್ದೇ ಬೇರೆ. ಆಫೀಸಲ್ಲಿ ಫ್ಯಾನ್ ಕೆಳಗೆ ಕೂತು ಬರೆಯೋದು, ಆಮೇಲೆ ಯಾರಾದ್ರೂ ಮೇಷ್ಟ್ರನ್ನೋ ಗುಮಾಸ್ತನನ್ನೋ ಕರೆಸಿ, ಟೀ ಕುಡಿಸಿ, ಸೈನ್ ಹಾಕಿಸಿ ಕಳ್ಸೋದು. ನಂಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಸುಳ್ಳು ಅಂತ ಯಾರೂ ಅಂತಿರ್ಲಿಲ್ಲ, ಪದ್ಧತಿ ಅಂತಿದ್ವಿ.

ಮುನಿಶಾಮಪ್ಪ ಅಂತ ಒಬ್ಬ ವಾಚ್‌ಮನ್ ಇದ್ದ, ಮಾಕಳಿದುರ್ಗದ ಕಡೆಯೋನು, ಕೇಂದ್ರದ ಒಂದು ಗೋಡೌನು ಕಾಯ್ತಿದ್ದ. ಗೋಧಿ ಮೂಟೆ ಕಾಣೆಯಾದ್ವು. ನಾಲ್ಕು ಮೂಟೆ ಅವನ ಮನೆ ಕೊಟ್ಟಿಗೇಲಿ ಸಿಕ್ತು ಅಂತ ಮಹಜರು. ಅವನು ಮಾತ್ರ ಮೊದಲಿಂದ ಒಂದೇ ಮಾತು, 'ಗೋಡೌನ್ ಹಿಂದೆ ಬೇಲಿ ಹತ್ರ ಬಿದ್ದಿದ್ವು ಸ್ವಾಮಿ, ನಾನೇ ಹೋಗಿ ಸಾಹೇಬ್ರಿಗೆ ಹೇಳ್ದೆ' ಅಂತ. ಸಾಕ್ಷಿ ಹೇಳೋ ದಿನ ಪಂಚರಲ್ಲಿ ಒಬ್ಬರು, ವೆಂಕಟರಮಣಪ್ಪ ಮೇಷ್ಟ್ರು, ಕೋರ್ಟ್ ಕಾರಿಡಾರ್‌ನಲ್ಲಿ ನನ್ನ ಪಕ್ಕಕ್ಕೆ ಕರೆದ್ರು. 'ಸಾರ್, ನಾನು ಆ ಮನೆ ನೋಡೇ ಇಲ್ಲ, ಆಫೀಸಲ್ಲಿ ಸೈನ್ ಹಾಕಿದ್ದು' ಅಂದ್ರು. ಮೆತ್ತಗೆ, ಕೈ ಹಿಸುಕ್ಕೊಂಡು. ನಾನೇನಂದೆ ಗೊತ್ತಾ? 'ಮೇಷ್ಟ್ರೇ, ಸೈನ್ ನಿಮ್ದೇ ತಾನೆ? ಈಗ ಇಲ್ಲ ಅಂದ್ರೆ ನಿಮ್ಮ ನೌಕರಿಗೇ ಕುತ್ತು ಬರುತ್ತೆ' ಅಂದೆ. ಅಷ್ಟಕ್ಕೇ ಬಿಡ್ಲಿಲ್ಲ. ಮನೆ ಬಾಗಲು ಪೂರ್ವಕ್ಕೆ, ಕೊಟ್ಟಿಗೆ ಎಡಗಡೆ, ಪಕ್ಕದಲ್ಲಿ ಹುಣಸೆಮರ, ಮೂರು ಸಲ ಹೇಳಿಸ್ದೆ, ಮಕ್ಕಳಿಗೆ ಮಗ್ಗಿ ಹೇಳಿಸ್ದಂಗೆ. ಮುನಿಶಾಮಪ್ಪನ ವಕೀಲರು ಕೇಳಿದ್ರು, ಬಾಗಲು ಯಾವ ಕಡೆ ಅಂತ. ಮೇಷ್ಟ್ರು ಪೂರ್ವಕ್ಕೆ ಅಂದ್ರು. ಮುನಿಶಾಮಪ್ಪ ಕಟಕಟೆಯಲ್ಲಿ ನಿಂತು ಮೇಷ್ಟ್ರನ್ನ ನೋಡ್ಲಿಲ್ಲ, ನನ್ನ ನೋಡ್ದ. ಒಂದು ವರ್ಷ ಜೈಲಾಯ್ತು ಅವನಿಗೆ, ಕೆಲಸ ಹೋಯ್ತು.

ನಾನು? ಪರೀಕ್ಷೆ ಬರೆದೆ, ಜಡ್ಜ್ ಆದೆ. ಇಂಟರ್‌ವ್ಯೂನಲ್ಲಿ, ನೀವು ನಡೆಸಿದ ಕೇಸಲ್ಲಿ ಸೋತಿದ್ದು ಕಮ್ಮಿ ಅಂತ ಹೊಗಳಿದ್ರು. ಆಮೇಲೆ ಎಷ್ಟೋ ವರ್ಷಕ್ಕೆ ನನ್ನ ಕೋರ್ಟಲ್ಲೇ ಅಂಥದ್ದೊಂದು ಕೇಸ್ ಬಂತು. ಪಂಚ ಸಾಕ್ಷಿ ಕಟಕಟೆಯಲ್ಲಿ ನಿಂತು, ಸ್ಟೇಷನ್‌ನಲ್ಲಿ ಸೈನ್ ಹಾಕಿದ್ದು ಅಂದ. ಆರೋಪೀನ ಬಿಡುಗಡೆ ಮಾಡ್ದೆ. ನೋಡದೆ ಹಾಕಿದ ಸಹಿ ನ್ಯಾಯಕ್ಕೆ ಬಗೆದ ದ್ರೋಹ ಅಂತ ಪುಟಗಟ್ಟಲೆ ಬರೆಸ್ದೆ. ವಕೀಲರೆಲ್ಲ ಚೇಂಬರ್‌ಗೆ ಬಂದು ಕೈ ಮುಗಿದ್ರು. ಎಷ್ಟು ಸೊಗಸಾಗಿ ಬರೆಸಿದ್ದೆ ಅಂತೀಯ, ಥೂ, ಈಗ ನೆನೆಸ್ಕೊಂಡ್ರೆ ಅಸಹ್ಯ ಆಗುತ್ತೆ. ಅವತ್ತೇ ಮುನಿಶಾಮಪ್ಪನ ಹತ್ರ ಹೋಗ್ಬೇಕಿತ್ತು. ಹೋಗ್ಲಿಲ್ಲ. ಜಡ್ಜ್ ಆಗಿ ಹಂಗೆಲ್ಲ ಹೋಗೋ ಹಾಗಿಲ್ಲ ಅಂದ್ಕೊಂಡೆ. ರಿಟೈರ್ ಆದ್ಮೇಲೂ ಮಂಡಿ ನೋವು, ಮಳೆ, ಬಿಸಿಲು ಅಂತ ಕಾಲ ತಳ್ಳಿದೆ.

ಹೋದ್ವರ್ಷ ಮುನಿಶಾಮಪ್ಪನ ಊರಿಗೆ ಹೋದೆ. ನಿಮಗ್ಯಾರಿಗೂ ಹೇಳ್ಲಿಲ್ಲ. ಬೆಟ್ಟ ಹತ್ತೋ ಹುಡುಗ್ರು ದಾರಿ ತುಂಬ ಕಾರು ನಿಲ್ಸಿದ್ರು, ನಡ್ಕೊಂಡೇ ಹೋದೆ. ಮುದುಕ ಆಗಿದ್ದ, ಕುರಿಗೆ ಸೊಪ್ಪು ಹಾಕ್ತಿದ್ದ. ನನ್ನ ಗುರುತು ಹಿಡಿದ. ನೀರು ಕೊಟ್ಟ. ಮೇಷ್ಟ್ರು ಹೇಳಿದ್ದು ಸುಳ್ಳು, ಹೇಳಿಸ್ದೋನು ನಾನು ಅಂದೆ. 'ಗೊತ್ತು ಸ್ವಾಮಿ' ಅಂದ. ಆಮೇಲೆ, 'ಕಳ್ಳನ ಮನೆ ಅಂತ ನನ್ನ ಮಗಳಿಗೆ ಬಂದ ಗಂಡಿನ ಕಡೆಯೋರು ವಾಪಸ್ ಹೋದ್ರು. ಸೋಂಪುರದ ಫ್ಯಾಕ್ಟರೀಲಿ ದುಡೀತಾಳೆ, ಒಂಟಿ. ಇದನ್ನೇ ಒಂದು ಪೇಪರ್ ಮೇಲೆ ಬರೆದುಕೊಡಿ, ಅವಳಿಗೆ ತೋರಿಸ್ತೀನಿ, ಇನ್ನೇನೂ ಬೇಡ' ಅಂದ. ನಾನು ಕನ್ನಡಕ ಒರೆಸ್ಕೊಂಡು ಕೂತೆ. 'ನನ್ನ ಹೆಸರು ಹೋಗುತ್ತಲ್ಲಪ್ಪ' ಅಂದೆ. ಅವನು, 'ನಂದು ಹೋಗಿತ್ತಲ್ಲ ಸ್ವಾಮಿ' ಅಂದ. ಜಗಳ ಇಲ್ಲ, ಬೈಗುಳ ಇಲ್ಲ, ಸೊಪ್ಪು ಹಾಕೋಕೆ ಎದ್ದು ಹೋದ. ಈ ಯುಗಾದಿ ಆದ್ಮೇಲೆ ತೀರ್ಕೊಂಡನಂತೆ.

ಏನಂದೆ? ಈಗಾದ್ರೂ ಮಗಳಿಗೆ ಬರೆದುಕೊಡಿ ಅಂತೀಯಾ? ನೋಡು, ನೀನು ಆ ಮಾತಂದ ತಕ್ಷಣ ನಂಗೆ ಮೊದಲು ನೆನಪಾಗಿದ್ದು ನನ್ನ ಪಿಂಚಣಿ. ಅವನ ಮಗಳಲ್ಲ, ಪಿಂಚಣಿ. ಇಂಥೋನು ನಿಮ್ಮ ತಾತ. ಸೋಮವಾರ ನೀನು ಕೋರ್ಟಿಗೆ ಹೋಗ್ತೀಯ, ಯಾರಾದ್ರೂ ಬಂದು 'ನಾನು ನೋಡಿಲ್ಲ ಮೇಡಂ' ಅಂದ್ರೆ, 'ನೋಡಿಲ್ಲ ಅಂತಲೇ ಹೇಳಿ' ಅನ್ನು, ಕೇಸ್ ಹೋದ್ರೆ ಹೋಗ್ಲಿ. ತಪ್ಪು ಮಾಡಿದ್ರೆ ಅವತ್ತೇ ಒಪ್ಕೊಂಡ್ಬಿಡಮ್ಮ. ದಿನ ಕಳೆದ್ರೆ ಬರೆಯೋಕೆ ಕೈ ಬರಲ್ಲ.